ಚಕಮಕಿ ರೈಫಲ್ ಕಲಿಯಲು ಎಲ್ಲಿಂದ ಆರಂಭಿಸಬೇಕು? ಮನೆಯ ಹಳೆಯ ಬಂದೂಕು ಅಭ್ಯಾಸಕ್ಕೆ ಬರುತ್ತದೆಯೇ?

ಪ್ರಶ್ನೆ: ಕನಕಗಿರಿಯವನು

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಕನಕಗಿರಿ ಕಡೆಯವನು. ಕೆಲಸದ ನಿಮಿತ್ತ ಬರುವ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಲಿದ್ದೇನೆ. ಅಲ್ಲಿ ನಮ್ಮ ತಂಡದ ಹಿರಿಯರೊಬ್ಬರು ಪ್ರತಿ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ರೈಫಲ್ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೆಯ ಬಗೆಯ ಫ್ಲಿಂಟ್‌ಲಾಕ್) ಹಿಡಿದು ಜಿಂಕೆ ಬೇಟೆಗೆ ಹೋಗುವವರು. ಈ ಸಲ ನನ್ನನ್ನೂ ಕರೆದಿದ್ದಾರೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ಲಿನಿಂದ ಗುರಿ ಹೊಡೆದದ್ದನ್ನು ಬಿಟ್ಟರೆ ನನಗೆ ಬಂದೂಕಿನ ಬಳಕೆಯಿಲ್ಲ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಬಾಯಿಂದ ಮದ್ದು ತುಂಬುವ ಬಂದೂಕೊಂದಿದೆ. ಬೆಳೆ ರಕ್ಷಣೆಗೆಂದು ಪಡೆದ ಅದರ ಲೈಸೆನ್ಸ್ ಈಗ ದೊಡ್ಡಪ್ಪನ ಹೆಸರಿನಲ್ಲಿದೆ. ಶೇಂಗಾ ಹೊಲಕ್ಕೆ ಹಂದಿ ನುಗ್ಗುವ ಕಾಲದಲ್ಲಿ ಹಿಂದೆ ಅದನ್ನು ಬಳಸುತ್ತಿದ್ದರಂತೆ. ಈಗ ವರ್ಷಗಳಿಂದ ಗೋಡೆಗೆ ತೂಗಿಕೊಂಡಿದೆ. ಹೋಗುವ ಮುನ್ನ ನಾಲ್ಕು ತಿಂಗಳ ಅವಧಿ ಇರುವುದರಿಂದ ಅದರಲ್ಲಿ ಅಭ್ಯಾಸ ಮಾಡಬಹುದೇ? ಮಾಡಬಾರದೆಂದಾದರೆ ಇಲ್ಲಿಂದಲೇ ಏನನ್ನು ಕಲಿತು ಹೋಗಬಹುದು? ಎಷ್ಟರ ಮಟ್ಟಿಗೆ ಕೈ ಪಳಗಿದ ಮೇಲೆ ಒಬ್ಬನು ಪ್ರಾಣಿಯ ಮೇಲೆ ಗುರಿಯಿಡಲು ಅರ್ಹನಾಗುತ್ತಾನೆ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಬಳ್ಳಾರಿಯ ವಕೀಲ

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ಮಿಕ್ಕದ್ದನ್ನು ಬಲ್ಲವರು ಹೇಳಲಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಬಗ್ಗೆ ಹೆಸರಿಸಿಯೇ ಹೇಳುತ್ತದೆ. ನಿಮ್ಮ ಮನೆಯ ಬಂದೂಕಿಗೆ ಸಿಕ್ಕಿರುವುದು ಇದೇ ಬಗೆಯ ಲೈಸೆನ್ಸ್. ಆದರೆ ಲೈಸೆನ್ಸ್ ಬಂದೂಕಿಗೆ ಮಾತ್ರ ಕೊಡುವುದಲ್ಲ, ವ್ಯಕ್ತಿಗೂ ಉದ್ದೇಶಕ್ಕೂ ಸೇರಿಸಿ ಕೊಡುವುದು. ದೊಡ್ಡಪ್ಪನವರ ಎದುರಿನಲ್ಲಿ, ಅಥವಾ ಅವರ ಲಿಖಿತ ಅಧಿಕಾರ ಪತ್ರ ಹಿಡಿದು, ದುರಸ್ತಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಅವರದೇ ಬಳಕೆಗೆ ನೀವು ಅದನ್ನು ಒಯ್ಯಬಹುದೆಂದು 3ನೆಯ ಕಲಮಿನ ವಿನಾಯಿತಿ ಹೇಳುತ್ತದೆಯೇ ಹೊರತು, ನಿಮ್ಮ ಅಭ್ಯಾಸಕ್ಕೆ ಅದರಿಂದ ಗುಂಡು ಹಾರಿಸಬಹುದೆಂದು ಹೇಳುವುದಿಲ್ಲ. "ನಮ್ಮ ಹೊಲ, ನಮ್ಮ ಬಂದೂಕು, ಕೇಳುವವರು ಯಾರು" ಎಂಬ ಮಾತು ಹಳ್ಳಿಯ ಕಟ್ಟೆಯಲ್ಲಿ ನಡೆಯಬಹುದು, ಕೋರ್ಟಿನಲ್ಲಿ ನಡೆಯುವುದಿಲ್ಲ. ವಿದೇಶಕ್ಕೆ ಹೊರಟವನ ಮೇಲೆ ಒಂದು ಎಫ್‌ಐಆರ್ ಬಿದ್ದರೆ ವೀಸಾದ ಕಥೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ ಎಂದು ಯಾರಾದರೂ ನಿಮಗೆ ಹೇಳಿಯಾರು. ಆ ವಿನಾಯಿತಿ ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಸೀಮಿತವಾದುದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ಇಲ್ಲಿ ಬೇಟೆಯ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಅದಕ್ಕೆ ಬಾಗಿಲು ಮುಚ್ಚಿದೆ. ನಮ್ಮ ಎರೆಭೂಮಿಯಲ್ಲಿ ಓಡಾಡುವ ಕೃಷ್ಣಮೃಗವಾಗಲಿ, ದರೋಜಿಯ ಗುಡ್ಡದ ಕರಡಿಯಾಗಲಿ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಗಳು. ಅವುಗಳನ್ನು ಕೊಂದರೆ 3ರಿಂದ 7 ವರ್ಷಗಳ ಸೆರೆವಾಸ. ಕಾಡುಹಂದಿ ಬೆಳೆ ಹಾಳು ಮಾಡಿದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ, ಬೆಳೆ ರಕ್ಷಣೆಯ ಬಂದೂಕು ಕೈಯಲ್ಲಿದ್ದರೂ ಅಷ್ಟೇ. ಈ ಎರಡು ಕಾಯ್ದೆಗಳನ್ನು ಒಂದಕ್ಕೊಂದು ಬೆರೆಸಿಕೊಂಡು ಕೇಸು ಹಾಕಿಸಿಕೊಂಡವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಲ್ಲಿಯ ಕಾನೂನಿನ ಒಂದು ಅಂಶವನ್ನೂ ಗಮನದಲ್ಲಿಡಿ. ನಿಮ್ಮಂತೆ ತಾತ್ಕಾಲಿಕ ವೀಸಾದಲ್ಲಿ ಹೋಗುವವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಕರಿಮದ್ದಿನಿಂದ ಮಾತ್ರ ನಡೆಯುವ ಬಾಯಿತುಂಬು ಬಂದೂಕನ್ನು ಆ ಕೇಂದ್ರ ಕಾನೂನು ಬಂದೂಕೆಂದೇ ಎಣಿಸುವುದಿಲ್ಲವೆಂಬುದೂ ನಿಜ. ಆದರೆ ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಆದ್ದರಿಂದ ಮೊದಲು ಬೇಟೆಯ ಲೈಸೆನ್ಸ್ ಪಡೆದು, ಅನಂತರವೇ ಬಂದೂಕಿಗೆ ಕೈಹಾಕಿ.

ಉತ್ತರ: ಸಿಂಧನೂರಿನ ಗುರಿಕಾರ

ನಾನು ಸಿಂಧನೂರಿನವನಾದರೂ ಬಹುಕಾಲ ಪೆನ್ಸಿಲ್ವೇನಿಯಾದಲ್ಲಿ ಇದ್ದು ಬಂದವನು. ನಿಮ್ಮ ಸಹೋದ್ಯೋಗಿ ಹೇಳುತ್ತಿರುವ ಋತುವನ್ನು ಬಲ್ಲೆ. 1974ರಿಂದ ಆ ರಾಜ್ಯದಲ್ಲಿ ಚಕಮಕಿ ಬಂದೂಕಿಗೆಂದೇ ಮೀಸಲಾದ ಜಿಂಕೆ ಬೇಟೆಯ ಅವಧಿಯೊಂದಿದೆ. ಉದ್ದ ನಳಿಗೆಯ ಬಂದೂಕಾದರೆ ಅದರ ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳ ಅಗಲ) .44 ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು, ಕಿಡಿ ಚಕಮಕಿ ಕಲ್ಲಿನಿಂದಲೇ ಹುಟ್ಟಬೇಕು. ಮೊದಲ ಸಲ ಲೈಸೆನ್ಸ್ ಪಡೆಯುವವರು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಹೋದ ಕೂಡಲೇ ಆ ತರಗತಿಗೆ ಹೆಸರು ಬರೆಸಿ. ಶರತ್ಕಾಲದ ಹೊತ್ತಿಗೆ ಸ್ಥಳ ಸಿಗುವುದು ಕಷ್ಟವಾಗುತ್ತದೆ.

ಈಗ ಬಂದೂಕಿನ ವಿಚಾರ. ಟ್ರಿಗರ್ ಒತ್ತಿದಾಗ ಏನೇನು ನಡೆಯುತ್ತದೆಂಬುದನ್ನು ಕಣ್ಣಮುಂದೆ ತಂದುಕೊಳ್ಳಿ. ಕಲ್ಲನ್ನು ಕಚ್ಚಿಕೊಂಡಿರುವ, ಕುದುರೆ ಎಂದು ಕರೆಯುವ ಸುತ್ತಿಗೆ ಮುಂದಕ್ಕೆ ಬೀಳುತ್ತದೆ. ಕಲ್ಲಿನ ಅಂಚು ಫ್ರಿಜ್ಜನ್ ಎಂಬ ಉಕ್ಕಿನ ತಗಡನ್ನು ಕೆರೆದು ಕಾದ ಉಕ್ಕಿನ ಕಣಗಳನ್ನು ಎಬ್ಬಿಸುತ್ತದೆ. ಅದೇ ಪೆಟ್ಟಿಗೆ ತಗಡು ಹಿಂದೆ ಸರಿದು ಕೆಳಗಿನ ಬಟ್ಟಲು ತೆರೆದುಕೊಳ್ಳುತ್ತದೆ. ಕಿಡಿ ಬಟ್ಟಲಿನ ರಂಜಕಕ್ಕೆ, ಅಂದರೆ ಕಿಡಿ ಹಿಡಿಯಲು ಹಾಕಿದ ನುಣ್ಣನೆಯ ಮದ್ದಿಗೆ, ತಗುಲಿ, ಆ ಉರಿ ನಳಿಗೆಯ ಪಕ್ಕದ ಕಿವಿ ಎಂಬ ಸಣ್ಣ ತೂತಿನಿಂದ ಒಳಹೊಕ್ಕು, ಒಳಗಿನ ಮದ್ದಿಗೆ ಹೊತ್ತಿಕೊಂಡ ಮೇಲೆ ಗುಂಡು ಹೊರಡುತ್ತದೆ. ಎಲ್ಲವೂ ಕ್ಷಣಾರ್ಧದ ಕೆಲಸವಾದರೂ ನಿಮ್ಮ ಎನ್‌ಸಿಸಿ ರೈಫಲ್ಲಿಗಿಂತ ನಿಧಾನ, ಮೇಲಾಗಿ ಮುಖದ ಎದುರಿಗೇ ಬೆಂಕಿ ಭುಗ್ಗೆನ್ನುತ್ತದೆ. ಹೊಸಬರು ಆ ಬೆಂಕಿಗೆ ಬೆಚ್ಚಿ ತಲೆ ಎತ್ತುತ್ತಾರೆ, ಹೆಗಲು ಜಗ್ಗುತ್ತಾರೆ. ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ಗುರಿ ಹೋಗಿರುತ್ತದೆ. ಈ ಬಂದೂಕಿನ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇದನ್ನು ಗೆಲ್ಲುವುದೇ ಎಂದು ನನ್ನ ಅಭಿಪ್ರಾಯ. ಹೊಗೆ ಕಣ್ಣಿಗೆ ಅಡ್ಡ ಬಂದ ಮೇಲೂ ಗುರಿಗೂಟ (ನಳಿಗೆಯ ತುದಿಯ ಗುರಿ ನೋಡುವ ಮೊಳೆ) ಎಲ್ಲಿತ್ತೋ ಅಲ್ಲಿಯೇ ಹಿಡಿದು ನಿಲ್ಲುವುದನ್ನು ಕಲಿಯಬೇಕು.

ಇದನ್ನು ಇಲ್ಲಿಂದಲೇ ಆರಂಭಿಸಬಹುದು. ಹೊಡೆತದ ಶಕ್ತಿ 20 ಜೂಲ್ ಮೀರದ .177 ಏರ್ ರೈಫಲ್ಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಾಗಿಲ್ಲ. ಸ್ಪ್ರಿಂಗಿನ ಏರ್ ರೈಫಲ್ ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಅದರ ಒಳಗಿನ ಪಿಸ್ಟನ್ ಓಡಿ ಮುಗಿಯುವವರೆಗೆ ಕೈ ಅಲುಗಿದರೆ ಅದು ಕ್ಷಮಿಸುವುದಿಲ್ಲ. ಸಮೀಪದ ಶೂಟಿಂಗ್ ತರಬೇತಿ ಕೇಂದ್ರದಲ್ಲಿ 10 ಮೀಟರ್ ಅಂತರದಲ್ಲಿ, ದುರ್ಬೀನು ಇಲ್ಲದೆ, ನಿಂತು ಹೊಡೆಯುವ ಅಭ್ಯಾಸ ಮಾಡಿ. ಪ್ರತಿ ಹೊಡೆತದ ನಂತರ ಗುರಿಗೂಟ ಎಲ್ಲಿತ್ತೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಕಾಗದ ನೋಡಿ. ನಿಮ್ಮ ಮಾತೂ ಕಾಗದದ ತೂತೂ ಒಂದಕ್ಕೊಂದು ಹೊಂದತೊಡಗಿದಾಗ ಅರ್ಧ ದಾರಿ ಬಂದಿರೆಂದು ತಿಳಿಯಿರಿ.

ಅಲ್ಲಿಗೆ ಹೋದ ಮೇಲೆ .50 ಕ್ಯಾಲಿಬರಿನ ರೈಫಲ್ ಸಾಕು. ಅದಕ್ಕೆ ಸಾಮಾನ್ಯವಾಗಿ .490 ಇಂಚಿನ ಸೀಸದ ದುಂಡುಗುಂಡು, ಅದನ್ನು ಸುತ್ತಲು .015 ಇಂಚು ದಪ್ಪದ ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ತುಂಡು. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಗುಂಡು ನೇರವಾಗಿ ಮುಟ್ಟುವುದಿಲ್ಲ. ಬಟ್ಟೆ ಗೀರುಗಳನ್ನು ಹಿಡಿದು ಗುಂಡನ್ನು ತಿರುಗಿಸುತ್ತದೆ. ಮದ್ದನ್ನು 50ರಿಂದ 60 ಗ್ರೇನ್ ಅಳತೆಯಿಂದ, ಅಂದರೆ ಸುಮಾರು 3.2ರಿಂದ 3.9 ಗ್ರಾಂನಿಂದ ಆರಂಭಿಸಿ, ತಯಾರಕರ ಕೈಪಿಡಿ ಹೇಳಿದ ಮಿತಿಯೊಳಗೇ ಇರಿ. ಕರಿಮದ್ದನ್ನು ಬಿಟ್ಟು ಬೇರೇನನ್ನೂ ತುಂಬಬೇಡಿ. ಆಧುನಿಕ ಕಾಡತೂಸಿನ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸೀಳಿ ಕೈ ಹೋಗುತ್ತದೆ. ಪೈರೊಡೆಕ್ಸ್‌ನಂತಹ ಬದಲಿ ಮದ್ದಿಗೆ ಹೊತ್ತಿಕೊಳ್ಳಲು ಹೆಚ್ಚು ಬಿಸಿ ಬೇಕಾದ್ದರಿಂದ ಚಕಮಕಿಯ ಕಿಡಿಗೆ ಅದು ಸರಿಯಾಗಿ ಓಗೊಡುವುದಿಲ್ಲ.

ತುಂಬುವಾಗ ಬಟ್ಟಲು ಬರಿದಾಗಿರಬೇಕು, ಬಾಯಿ ನಿಮ್ಮ ಮುಖದಿಂದ ಆಚೆಗಿರಬೇಕು. ಮದ್ದಿನ ಕೊಂಬಿನಿಂದ ನಳಿಗೆಗೆ ನೇರವಾಗಿ ಎಂದೂ ಸುರಿಯಬಾರದು. ಹಿಂದಿನ ಹೊಡೆತದ ಕೆಂಡವೊಂದು ಒಳಗುಳಿದಿದ್ದರೆ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆಗೊಳವೆಗೆ ಸುರಿದುಕೊಂಡು, ಕೊಂಬನ್ನು ಮುಚ್ಚಿ, ಆಮೇಲೆ ನಳಿಗೆಗೆ ಹಾಕಿ. ಗುಂಡನ್ನು ಗಜದಿಂದ, ಅಂದರೆ ತುಂಬುವ ಸರಳಿನಿಂದ, ಮದ್ದಿನ ಮೇಲೆ ಕೂರುವವರೆಗೆ ದಬ್ಬಬೇಕು. ನಡುವೆ ಖಾಲಿ ಜಾಗ ಬಿಟ್ಟರೆ ನಳಿಗೆ ಉಬ್ಬುವ ಅಪಾಯವಿದೆ. ಸರಿಯಾಗಿ ಕುಳಿತಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀಟು ಹಾಕಿಟ್ಟುಕೊಂಡರೆ ಮುಂದೆ ಪ್ರತಿ ಸಲವೂ ಅದೇ ಸಾಕ್ಷಿ. ರಂಜಕ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಹೊಸಬರು ಉದಾರಿಗಳಾಗುತ್ತಾರೆ. ಬಟ್ಟಲು ತುಂಬ ಸುರಿದು ಕಿವಿ ಮುಚ್ಚಿಹೋದರೆ ಉರಿ ಒಳಗೆ ಹಾರುವ ಬದಲು ಬತ್ತಿಯ ಹಾಗೆ ಮೆಲ್ಲಗೆ ಸುಡುತ್ತಾ ಹೋಗಿ, ಹೊಡೆತ ತಡವಾಗುತ್ತದೆ. ಬಟ್ಟಲಿನ ಅರ್ಧಕ್ಕಿಂತ ಕಡಿಮೆ ನುಣ್ಣನೆಯ ಮದ್ದು ಸಾಕು.

ಬಟ್ಟಲು ಉರಿದೂ ಬಂದೂಕು ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ನಿಲ್ಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ ಕಡ್ಡಾಯ. ನಳಿಗೆಯ ಕಿವಿಯಿಂದ ಉರಿ ಪಕ್ಕಕ್ಕೂ ಚಿಮ್ಮುವುದರಿಂದ ನಿಮ್ಮ ಬಲಗಡೆ ಯಾರನ್ನೂ ನಿಲ್ಲಿಸಿಕೊಳ್ಳಬೇಡಿ.

ಗುರಿಕಟ್ಟೆಯಲ್ಲಿ ಎಲ್ಲರೂ ಕಾಗದದ ಕಡೆಗೇ ನೋಡುತ್ತಾರೆ. ನೀವು ಮುಂದೆ ಹೋಗಿ ನೆಲಕ್ಕೆ ಬಿದ್ದ ಬಟ್ಟೆಯ ತುಂಡನ್ನೂ ಹೆಕ್ಕಿ ನೋಡಿ. ನಡುವೆ ಮಸಿಯ ದುಂಡು ಗುರುತು ಮಾತ್ರ ಇದ್ದು ಅಂಚು ತುಸು ಜುಂಜಾಗಿದ್ದರೆ ಎಲ್ಲವೂ ಸರಿಯಿದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಜಿಡ್ಡು ಸಾಲದಾಯಿತು. ಗೀರುಗಳ ಗುರುತಿನಲ್ಲಿ ಕತ್ತರಿಸಿದಂತೆ ಸೀಳಿದ್ದರೆ ನಳಿಗೆಯ ಬಾಯಿ ಚೂಪಾಗಿದೆ, ಅದನ್ನು ನಯಗೊಳಿಸಬೇಕು. ಗುಂಡು ಎಲ್ಲೋ ಹೋಯಿತೆಂದು ಮದ್ದು ಹೆಚ್ಚಿಸುತ್ತಾ ಹೋಗುವವರಿಗಿಂತ ಈ ಬಟ್ಟೆಯನ್ನು ಓದಬಲ್ಲವನು ಬೇಗ ಕಲಿಯುತ್ತಾನೆ.

ಉತ್ತರ: ಮಾನ್ವಿ ರೈತ

ಗೋಡೆಗೆ ತೂಗಿಕೊಂಡಿರುವ ಆ ಬಂದೂಕಿನ ಬಗ್ಗೆ ಎರಡು ಮಾತು ಹೇಳುತ್ತೇನೆ, ಏಕೆಂದರೆ ನನ್ನ ಬಳಿಯೂ ಲೈಸೆನ್ಸ್ ಇರುವ ಅಂಥದೇ ಒಂದಿದೆ.

ಅದು ಬಹುತೇಕ ಕೇಪು, ಅಂದರೆ ಪೆಟ್ಟಿಗೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ, ಹಾಕಿ ಹೊಡೆಯುವ ಬಂದೂಕೇ ಇರಬೇಕು. ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವವು ಹೆಚ್ಚಾಗಿ ಅಂಥವೇ. ಅದರ ನಳಿಗೆಯ ಒಳಗೆ ಗೀರುಗಳಿರುವುದಿಲ್ಲ, ಚರೆ ಹಾಕಿ ಹೊಡೆಯಲು ಮಾಡಿದ್ದು. ಹಾಗಾಗಿ ಕಾನೂನು ಬಿಟ್ಟರೂ ಚಕಮಕಿ ರೈಫಲ್ಲಿನ ಅಭ್ಯಾಸಕ್ಕೆ ಅದು ಒದಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹಿಂದಿನವರು ಹಂದಿಯ ಕಾವಲಿಗೆಂದು ಈಡು ತುಂಬಿಟ್ಟು, ಹಂದಿ ಬಾರದಿದ್ದರೆ ಹಾಗೆಯೇ ತೂಗುಹಾಕಿಬಿಡುತ್ತಿದ್ದರು. ಕರಿಮದ್ದು ಒಣಗಿದ್ದರೆ ದಶಕಗಳ ನಂತರವೂ ಹೊತ್ತಿಕೊಳ್ಳುತ್ತದೆ. ಮೊದಲು ಮೊಲೆಯ (ಕೇಪು ಕೂರಿಸುವ ತೂತಿನ ಮೊಳೆಯ) ಮೇಲೆ ಕೇಪು ಇಲ್ಲವೆಂದು ದೊಡ್ಡಪ್ಪನವರು ಖಚಿತ ಮಾಡಿಕೊಳ್ಳಲಿ. ಆಮೇಲೆ ಬಾಯಿಗೆ ಮುಖ ಕೊಡದೆ ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಲಿ. ಗಜದ ತುದಿ ಕೇಪಿನ ಮೊಲೆಯ ನೇರಕ್ಕೆ ಮುಟ್ಟದೆ ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಆಗ ಅದನ್ನು ಕೆದಕದೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಬೇಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ವಾಪಸು ತರುವ ಬಂದೂಕುಗಳಲ್ಲಿಯೂ ಈ ಪರೀಕ್ಷೆ ಮಾಡುವವರು ಕಡಿಮೆ.

ಅಲ್ಲಿ ಹೊಡೆದ ಮೇಲೆ ತೊಳೆಯುವುದನ್ನು ಮರುದಿನಕ್ಕೆ ಇಡಬೇಡಿ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಒಂದೇ ರಾತ್ರಿಯಲ್ಲಿ ತುಕ್ಕು ಎಬ್ಬಿಸುತ್ತದೆ. ಇದಕ್ಕೆ ನೀರೇ ಪರಿಹಾರ. ಸಾಬೂನು ಬೆರೆಸಿದ ನೀರಿನಲ್ಲಿ ತೊಳೆದು, ಬಟ್ಟೆ ಒಣಗಿ ಬರುವವರೆಗೆ ಒರೆಸಿ, ಎಣ್ಣೆಯ ಕೈ ಆಡಿಸಿ. ಗುಂಡಿನ ಬಟ್ಟೆಗೆ ಮಾತ್ರ ಮೋಟರಿನ ಎಣ್ಣೆ ಬೇಡ, ಅದು ಮಸಿಯೊಂದಿಗೆ ಸೇರಿ ಟಾರಿನಂತೆ ಅಂಟುತ್ತದೆ. ಸಸ್ಯದ ಎಣ್ಣೆ ಅಥವಾ ಪ್ರಾಣಿಯ ಕೊಬ್ಬು ಒಳ್ಳೆಯದು. ನಮ್ಮ ಅಗಸಿ ಎಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದು. ಅದು ಮರದ ಹಿಡಿಗೆ ಚೆನ್ನ, ನಳಿಗೆಯೊಳಗೆ ಹಾಕಬಾರದು.

ಪ್ರತಿಕ್ರಿಯೆ: ಕನಕಗಿರಿಯವನು

ಎಲ್ಲರಿಗೂ ಕೃತಜ್ಞತೆಗಳು. ಬಂದೂಕನ್ನು ದೊಡ್ಡಪ್ಪನವರೇ ಗೋಡೆಯಿಂದ ಇಳಿಸಿ ಪರೀಕ್ಷಿಸಿದರು. ಮಾನ್ವಿಯವರು ಹೇಳಿದಂತೆ ಅದು ಕೇಪಿನದೇ, ಒಳಗೆ ಏನೂ ಇಲ್ಲ. ಇನ್ನೆರಡು ಸಂದೇಹಗಳಿವೆ. ಚಕಮಕಿ ಕಲ್ಲನ್ನು ಇಲ್ಲಿಂದಲೇ ಒಯ್ಯಬಹುದೇ, ನಮ್ಮ ಮಸ್ಕಿ, ಲಿಂಗಸುಗೂರಿನ ಕಡೆ ಅಂಥ ಕಲ್ಲು ಸಿಗುತ್ತದೆಂದು ಕೇಳಿದ್ದೇನೆ. ಮತ್ತು ಬೇಟೆಯಲ್ಲಿ ಎಷ್ಟು ದೂರದವರೆಗೆ ಹೊಡೆಯಬಹುದು?

ಉತ್ತರ: ಕೋಟೆ ಸುತ್ತುವವನು, ಕೊಪ್ಪಳ

ಕಲ್ಲಿನ ಬಗ್ಗೆ ನಾನು ಹೇಳುತ್ತೇನೆ. ಮಸ್ಕಿ, ಪಿಕ್ಲಿಹಾಳ, ಬಳ್ಳಾರಿ ಸಮೀಪದ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಚರ್ಟ್ ಕಲ್ಲಿನ ಸಣ್ಣ ಅಲಗುಗಳು ಸಿಕ್ಕಿವೆ ಎಂಬುದು ನಿಜ. ಆದರೆ ಅಂಥ ನೆಲೆಗಳಲ್ಲಿ ಬಿದ್ದಿರುವುದನ್ನು ಹೆಕ್ಕಬೇಡಿ, ಅವು ಪುರಾತತ್ವದ ಸ್ವತ್ತು. ಅದೂ ಅಲ್ಲದೆ ಬಂದೂಕಿಗೆ ಬೇಕಾದದ್ದು ಒಂದೇ ಅಳತೆಗೆ ಸೀಳಿ ನೇರ ಅಂಚು ತೆಗೆದ ಕಲ್ಲು. ಇಂಗ್ಲೆಂಡಿನ ಬ್ರಾಂಡನ್ ಊರಿನ ಕಪ್ಪು ಕಲ್ಲು ಶತಮಾನಗಳಿಂದ ಇದಕ್ಕೆ ಹೆಸರಾದುದು, ಫ್ರಾನ್ಸಿನದು ಜೇನುಬಣ್ಣದ್ದು. ಎರಡೂ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತವೆ.

ಹೇಗೂ ಮಾತು ಬಂದಿತೆಂದು ಇದನ್ನೂ ಸೇರಿಸುತ್ತೇನೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆ ಪೋರ್ಚುಗೀಸ್ ಬಂದೂಕುಗಾರರಿದ್ದರೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಚಕಮಕಿ ಬಂದೂಕು ರೂಪುಗೊಂಡದ್ದು ಅದಕ್ಕೆ ಸುಮಾರು ನೂರು ವರ್ಷಗಳ ನಂತರ ಫ್ರಾನ್ಸಿನಲ್ಲಿ, ಆದ್ದರಿಂದ ಅವರ ಕೈಯಲ್ಲಿದ್ದವು ಉರಿಯುವ ಬತ್ತಿಯ ಬಂದೂಕುಗಳು. ಚಕಮಕಿಯ ಕಾಲಕ್ಕೆ ಸೇರಿದ್ದು ನಮ್ಮ ಕೊಪ್ಪಳದ ಕೋಟೆಯ ಕಥೆ: 1790ರ ಕೊನೆಯಿಂದ 1791ರ ಏಪ್ರಿಲ್‌ವರೆಗೆ ನಿಜಾಮನ ಮತ್ತು ಕಂಪನಿಯ ಸೈನ್ಯಗಳು ಸುತ್ತುವರಿದರೂ ಟಿಪ್ಪುವಿನ ಕಾವಲಿನವರು ತಿಂಗಳುಗಟ್ಟಲೆ ಹಿಡಿದು ನಿಂತರು. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಚಕಮಕಿ ಬಂದೂಕುಗಳನ್ನು ತಯಾರಿಸುತ್ತಿದ್ದ. ಕೆಲವುಗಳಿಗೆ ಹುಲಿಯ ಮುಖದ ಅಲಂಕಾರವಿದೆ.

ಉತ್ತರ: ಸಿಂಧನೂರಿನ ಗುರಿಕಾರ

ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಕುದುರೆಯ ಬಾಯಿಗೆ ಕಚ್ಚಿಸಬೇಕು, ಬರಿದಾಗಿ ಕಚ್ಚಿಸಿದರೆ ಒಡೆಯುತ್ತದೆ. ಅದರ ಅಂಚು ಫ್ರಿಜ್ಜನ್ನಿಗೆ ಉದ್ದಕ್ಕೂ ಸಮನಾಗಿ ತಾಗುವಂತೆ ಕೂರಿಸಿ. ಕಿಡಿ ಕುಂದಿದರೆ ಕಲ್ಲು ಬದಲಿಸುವ ಮುನ್ನ ಅಂಚನ್ನು ಮೆಲ್ಲಗೆ ಕುಟ್ಟಿ ಹೊಸದಾಗಿಸಬಹುದು, ಬಂದೂಕು ಖಾಲಿಯಿದ್ದಾಗ ಮಾತ್ರ. ಮನೆಯಲ್ಲಿ ಅಭ್ಯಾಸ ಮಾಡುವಾಗ ಕಲ್ಲಿನ ಬದಲು ಅದೇ ಗಾತ್ರದ ಮರದ ತುಂಡನ್ನು ಕಚ್ಚಿಸಿ. ಉಕ್ಕು ಸವೆಯದೆ ಕುದುರೆ ಬೀಳುವ ಸಪ್ಪಳಕ್ಕೆ ಕಣ್ಣು ಪಳಗುತ್ತದೆ.

ದೂರದ ಬಗ್ಗೆ ಕೇಳಿದಿರಿ. ದುಂಡುಗುಂಡು ಹೊರಡುವಾಗ ವೇಗವಾಗಿಯೇ ಹೊರಡುತ್ತದೆ, ಆದರೆ ಗಾಳಿಯಲ್ಲಿ ಬಹುಬೇಗ ವೇಗ ಕಳೆದುಕೊಳ್ಳುತ್ತದೆ. ಪಳಗಿದವರು 90 ಮೀಟರಿನವರೆಗೂ ಹೊಡೆಯುತ್ತಾರೆ. ಮೊದಲ ವರ್ಷದವನು 45 ಮೀಟರ್ ದಾಟಬಾರದೆಂಬುದು ನನ್ನ ಖಚಿತ ಮಾತು. ನಿಮ್ಮ ಮಿತಿಯನ್ನು ಕಾಗದವೇ ಗೊತ್ತುಮಾಡಲಿ: ಮೇಜಿಗೆ ಆನಿಸಿ ಅಲ್ಲ, ಬೇಟೆಯಲ್ಲಿ ಹೇಗೆ ಮಂಡಿಯೂರಿ ಅಥವಾ ಮರಕ್ಕೆ ಒರಗಿ ಹೊಡೆಯುವಿರೋ ಹಾಗೆ, ಬಂದೂಕು ತಣ್ಣಗಿರುವಾಗಿನ ಮೊದಲ ಹೊಡೆತವೇ ಒಂದು ಊಟದ ತಟ್ಟೆಗಿಂತ ಚಿಕ್ಕ ವೃತ್ತದೊಳಗೆ ಬೇರೆ ಬೇರೆ ದಿನಗಳಲ್ಲಿಯೂ ತಪ್ಪದೆ ಬೀಳುವ ದೂರ ಯಾವುದೋ ಅದೇ ನಿಮ್ಮ ದೂರ. ಎರಡನೆಯ ಗುಂಡು ಸಿಗುವುದಿಲ್ಲವೆಂದೇ ಲೆಕ್ಕ ಹಾಕಿಕೊಳ್ಳಿ. ಜಿಂಕೆ ಅಡ್ಡಲಾಗಿ ನಿಂತಿರಬೇಕು, ಮುಂಗಾಲಿನ ಹಿಂದೆ ಶ್ವಾಸಕೋಶದ ನೇರಕ್ಕೆ ಗುರಿಯಿರಬೇಕು. ಓಡುತ್ತಿದ್ದರೆ, ಎದುರಿಗೆ ಮುಖ ಮಾಡಿದ್ದರೆ, ಹಿಂದೆ ಮನೆಯೋ ದಾರಿಯೋ ಇದ್ದರೆ ಬಂದೂಕು ಇಳಿಸಿಬಿಡಿ.

ಡಿಸೆಂಬರಿನ ಕೊನೆಗೆ ಅಲ್ಲಿ ಹಿಮ ಬೀಳುತ್ತಿರುತ್ತದೆ. ಬಟ್ಟಲಿನ ಮೇಲೆ ಜಿಡ್ಡು ಸವರಿದ ತೊಗಲಿನ ಮುಚ್ಚಿಗೆ ಕಟ್ಟಿಕೊಳ್ಳಿ, ಆದರೂ ಆಗಾಗ ತೆರೆದು ನೋಡಿ. ರಂಜಕ ಉಂಡೆಗಟ್ಟಿದ್ದರೆ ಒರೆಸಿ ಹೊಸದು ಹಾಕಿ. ಹೊಡೆದ ಮೇಲೆ ಹೊಗೆ ಕವಿದು ಏನೂ ಕಾಣುವುದಿಲ್ಲ. ತಗ್ಗಿ ಹೊಗೆಯ ಕೆಳಗಿನಿಂದ ಪ್ರಾಣಿ ಯಾವ ಕಡೆ ಹೋಯಿತೆಂದು ನೋಡಿ, ನಿಂತಲ್ಲಿಯೇ ಮತ್ತೆ ತುಂಬಿಕೊಳ್ಳಿ. ಅದು ಕಣ್ಣೆದುರಿಗೇ ಬೀಳದಿದ್ದರೆ ಅರ್ಧ ಗಂಟೆ ಕಾದು, ರಕ್ತದ ಜಾಡು ಹಿಡಿದು ನಿಮ್ಮ ಹಿರಿಯ ಸಹೋದ್ಯೋಗಿಯ ಜೊತೆಗೆ ಹೋಗಿ. ಅವಸರದಲ್ಲಿ ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಮೈಲುಗಟ್ಟಲೆ ಓಡಿ ಕೈತಪ್ಪುತ್ತದೆ. ಆ ವರ್ಷ ಗುರಿಯ ಕಾಗದ ಇನ್ನೂ ನಿಮ್ಮ ಮಾತು ಕೇಳುತ್ತಿಲ್ಲವಾದರೆ ಬಂದೂಕು ಅವರ ಹೆಗಲಿಗೇ ಇರಲಿ, ನೀವು ಬರಿಗೈಯಲ್ಲಿ ಜೊತೆಗೆ ನಡೆಯಿರಿ. ಜಾಡು ಹಿಡಿಯುವುದನ್ನೂ ಗಾಳಿ ನೋಡುವುದನ್ನೂ ಕಲಿಯಲು ಬಂದೂಕು ಬೇಕಾಗಿಲ್ಲ.